ನೆಟ್‌ವರ್ಕ್ ಸ್ವಿಚ್ಚಿನ ನೆನಪು ಮತ್ತು ಅದನ್ನು ಕಾಪಾಡುವ ಕ್ರಮ

ಈ ಶಾಲೆಯಲ್ಲಿ ಓದಿ ಹೋದ ಸೋದರಿಯರು ಇಂದು ನಾನಾ ಊರುಗಳಲ್ಲಿ ನಾನಾ ಬಗೆಯ ಉದ್ಯೋಗಗಳಲ್ಲಿರುವರು. ಕೆಲವರು ಆಸ್ಪತ್ರೆಗಳಲ್ಲಿ ದಾದಿಯರಾಗಿಯೂ ವೈದ್ಯರಾಗಿಯೂ, ಕೆಲವರು ಶಾಲೆಗಳಲ್ಲಿ ಉಪಾಧ್ಯಾಯಿನಿಯರಾಗಿಯೂ, ಮತ್ತೆ ಕೆಲವರು ಬ್ಯಾಂಕು ಕಛೇರಿಗಳಲ್ಲಿ ಅಧಿಕಾರಿಗಳಾಗಿಯೂ ದುಡಿಯುತ್ತಿರುವರು. ಈ ಎಲ್ಲ ಕಟ್ಟಡಗಳಲ್ಲಿಯೂ ಸಾಮಾನ್ಯವಾಗಿ ಕಾಣಬರುವ ಒಂದು ವಸ್ತುವಿದೆ. ಗೋಡೆಯ ಮೂಲೆಯಲ್ಲಿಯೋ ಗಾಜಿನ ಬಾಗಿಲಿನ ಸಣ್ಣ ಬೀರುವಿನಲ್ಲಿಯೋ ಇಟ್ಟಿರುವ ಒಂದು ಚಪ್ಪಟೆಯಾದ ಲೋಹದ ಪೆಟ್ಟಿಗೆಯೇ ಅದು. ಅದರ ಮುಖದಲ್ಲಿ ಸಾಲಾಗಿ ರಂಧ್ರಗಳೂ, ಅವುಗಳಿಗೆ ಸಿಕ್ಕಿಸಿದ ಕೇಬಲ್ಲುಗಳೂ, ಅವುಗಳ ಮೇಲೆ ಮಿನುಗುವ ಹಸಿರು ದೀಪಗಳೂ ಇರುವುವು. ಇದಕ್ಕೆ ನೆಟ್‌ವರ್ಕ್ ಸ್ವಿಚ್ಚು ಎಂದು ಹೆಸರು. ದೀಪ ಹಾಕುವ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಕಟ್ಟಡದಲ್ಲಿರುವ ಕಂಪ್ಯೂಟರುಗಳೂ ಮುದ್ರಣಯಂತ್ರಗಳೂ ದೂರವಾಣಿಗಳೂ ಒಂದರೊಡನೊಂದು ಮಾತನಾಡುವುದು ಇದರ ಮುಖಾಂತರವೇ.

ಇಂಥ ಪೆಟ್ಟಿಗೆಯನ್ನು ಹಣ ಕೊಟ್ಟು ತಂದುಬಿಟ್ಟರೆ ಕೆಲಸ ಮುಗಿಯಿತೆಂದು ಅನೇಕರು ತಿಳಿದಿರುವರು. ಆದರೆ ಪೆಟ್ಟಿಗೆಯ ಬೆಲೆಗಿಂತಲೂ ಅದರೊಳಗೆ ಬರೆದಿರುವ ಬರಹದ ಬೆಲೆ ಹೆಚ್ಚಿನದು. ಪೆಟ್ಟಿಗೆ ಸುಟ್ಟುಹೋದರೆ ಮತ್ತೊಂದು ದೊರೆಯುವುದು. ಬರಹ ಅಳಿದುಹೋದರೆ ಅದನ್ನು ಬರೆದವರ ತಲೆಯಲ್ಲಿಯಲ್ಲದೆ ಬೇರೆಲ್ಲಿಯೂ ಅದು ದೊರೆಯದು. ಬರೆದವರು ಕೆಲಸ ಬಿಟ್ಟುಹೋಗಿದ್ದರೆ ಅಲ್ಲಿಯೂ ದೊರೆಯದು. ಆದುದರಿಂದ ಆ ಬರಹವು ಎಲ್ಲೆಲ್ಲಿ ವಾಸವಾಗಿರುವುದು, ಅದು ಅಳಿಯುವ ಬಗೆ ಹೇಗೆ, ಅದನ್ನು ಕಾಪಾಡುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಇದು ಇಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಒಂದು ಸಂಸ್ಥೆಯ ಹೊಣೆಯನ್ನು ಹೊತ್ತವರು ಸ್ವತಃ ಯಂತ್ರವನ್ನು ಮುಟ್ಟದಿದ್ದರೂ, ಮುಟ್ಟುವವರನ್ನು ಏನು ಕೇಳಬೇಕೆಂಬುದನ್ನಾದರೂ ಅರಿತಿರತಕ್ಕದ್ದು.

ಸ್ವಿಚ್ಚಿನ ಹುಟ್ಟು

ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸುವ ಈಥರ್ನೆಟ್ ಎಂಬ ಪದ್ಧತಿಯು ೧೯೭೩ರಲ್ಲಿ ಅಮೆರಿಕೆಯ ಜೆರಾಕ್ಸ್ ಕಂಪೆನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮೊದಲಾದವರಿಂದ ರೂಪುಗೊಂಡಿತು. ಅಂದು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಕೇಬಲ್ಲು. ಒಂದೇ ಕೊಠಡಿಯಲ್ಲಿ ಇಬ್ಬರು ಒಮ್ಮೆಗೇ ಮಾತನಾಡಿದರೆ ಯಾರ ಮಾತೂ ಕೇಳಿಸದಿರುವಂತೆ, ಎರಡು ಕಂಪ್ಯೂಟರುಗಳು ಏಕಕಾಲದಲ್ಲಿ ಕಳುಹಿಸಿದ ಸಂದೇಶಗಳು ಡಿಕ್ಕಿ ಹೊಡೆದು ಕೆಡುತ್ತಿದ್ದುವು. ಈ ತೊಂದರೆಯನ್ನು ನೀಗಿ, ಪ್ರತಿಯೊಂದು ಸಂದೇಶವನ್ನೂ ಅದು ಸೇರತಕ್ಕ ದ್ವಾರಕ್ಕೆ ಮಾತ್ರ ಕಳುಹಿಸಬಲ್ಲ ಈಥರ್ನೆಟ್ ಸ್ವಿಚ್ಚನ್ನು ೧೯೯೦ರಲ್ಲಿ ಮಾರಾಟಕ್ಕೆ ತಂದದ್ದು ಕ್ಯಾಲಿಫೋರ್ನಿಯಾದ ಕಲ್ಪನಾ ಎಂಬ ಕಂಪೆನಿ. ಭಾರತೀಯ ಮೂಲದವರಾದ ವಿನೋದ್ ಭಾರದ್ವಾಜ್ ಎಂಬವರು ಲ್ಯಾರಿ ಬ್ಲೇರ್ ಎಂಬವರೊಡನೆ ಅದನ್ನು ಸ್ಥಾಪಿಸಿ ತಮ್ಮ ಪತ್ನಿಯ ಹೆಸರನ್ನೇ ಅದಕ್ಕಿಟ್ಟರು.

ಈ ವಿದ್ಯೆಯಲ್ಲಿ ಸ್ತ್ರೀಯರ ಪಾಲು ಸಣ್ಣದಲ್ಲವೆಂಬುದನ್ನು ಹೆಣ್ಣುಮಕ್ಕಳ ಶಾಲೆಯ ಪತ್ರಿಕೆಯಲ್ಲಿ ಹೇಳುವುದು ಯುಕ್ತವಾಗಿದೆ. ಸ್ವಿಚ್ಚುಗಳನ್ನು ಬಳೆಯಾಕಾರವಾಗಿ ಜೋಡಿಸಿದಾಗ ಸಂದೇಶಗಳು ಕೊನೆಯಿಲ್ಲದೆ ಸುತ್ತುವುದನ್ನು ತಡೆಯುವ ಕ್ರಮವನ್ನು ೧೯೮೫ರಲ್ಲಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ; ಆಗ ಅವರು ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನಲ್ಲಿದ್ದರು. ೧೯೮೪ರಲ್ಲಿ ಸಿಸ್ಕೋ ಕಂಪೆನಿಯನ್ನು ಸ್ಥಾಪಿಸಿದ ಇಬ್ಬರಲ್ಲಿ ಒಬ್ಬರು ಸ್ಯಾಂಡಿ ಲರ್ನರ್ ಎಂಬ ಮಹಿಳೆ, ಇನ್ನೊಬ್ಬರು ಲೆನರ್ಡ್ ಬೊಸ್ಯಾಕ್. ಈ ಕಂಪೆನಿಯು ೧೯೯೩ರಲ್ಲಿ ಕ್ರೆಸೆಂಡೋ ಎಂಬ ಕಂಪೆನಿಯನ್ನೂ, ೧೯೯೪ರಲ್ಲಿ ಮೇಲೆ ಹೇಳಿದ ಕಲ್ಪನಾ ಕಂಪೆನಿಯನ್ನೂ ಕೊಂಡುಕೊಂಡಿತು. ಅಂದು ಮೊದಲಾದ ಕ್ಯಾಟಲಿಸ್ಟ್ ಎಂಬ ವಂಶದ ಸ್ವಿಚ್ಚುಗಳು ಲೋಕದ ಎಲ್ಲ ಕಡೆಗಳಲ್ಲಿಯೂ ಹರಡಿದುವು. ಅವುಗಳಲ್ಲಿ ಒಂದಾದ ಕ್ಯಾಟಲಿಸ್ಟ್ ೨೯೬೦ನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಮಾರಾಟವನ್ನು ಕಂಪೆನಿಯು ನಿಲ್ಲಿಸಿ ವರ್ಷಗಳಾಗಿದ್ದರೂ, ಇದರ ಒಳಗಣ ಏರ್ಪಾಡನ್ನು ತಿಳಿದವರಿಗೆ ಇತರ ಸ್ವಿಚ್ಚುಗಳನ್ನು ತಿಳಿಯುವುದು ಸುಲಭ.

ತಾನಾಗಿ ಕಲಿಯುವುದೂ ಕಲಿಸಬೇಕಾದುದೂ

ಸ್ವಿಚ್ಚಿಗೆ ಎರಡು ಬಗೆಯ ತಿಳುವಳಿಕೆಯಿರುವುದು. ಯಾವ ದ್ವಾರದ ಆಚೆ ಯಾವ ಕಂಪ್ಯೂಟರು ಇದೆಯೆಂಬುದನ್ನು ಅದು ತಾನಾಗಿಯೇ, ಬಂದ ಸಂದೇಶಗಳ ಮೇಲಣ ವಿಳಾಸವನ್ನು ಓದಿ ಕಲಿಯುವುದು. ಒಂದು ಕಂಪ್ಯೂಟರು ೩೦೦ ಸೆಕೆಂಡುಗಳ ಕಾಲ ಮಾತನಾಡದಿದ್ದರೆ ಅದರ ವಿಳಾಸವನ್ನು ಮರೆತು, ಮತ್ತೆ ಮಾತನಾಡಿದಾಗ ಹೊಸದಾಗಿ ಕಲಿಯುವುದು. ಈ ತಿಳುವಳಿಕೆ ಅಳಿದರೆ ನಷ್ಟವಿಲ್ಲ.

ಎರಡನೆಯದು ಮನುಷ್ಯನು ಕಲಿಸಿದ ತಿಳುವಳಿಕೆ. ಒಂದು ಆಸ್ಪತ್ರೆಯಲ್ಲಿ ೨೪ ದ್ವಾರಗಳ ಸ್ವಿಚ್ಚೊಂದಿದೆಯೆಂದು ಭಾವಿಸೋಣ. ಮೊದಲಿನ ಎಂಟು ದ್ವಾರಗಳು ಹಣಕಾಸಿನ ಕಛೇರಿಗೆ, ಮುಂದಿನ ಎಂಟು ರೋಗಿಗಳ ವಾರ್ಡಿಗೆ, ನಾಲ್ಕು ರಕ್ತಪರೀಕ್ಷೆಯ ಪ್ರಯೋಗಶಾಲೆಗೆ, ಉಳಿದ ನಾಲ್ಕು ಸಂದರ್ಶಕರ ಉಪಯೋಗಕ್ಕೆ ಎಂದು ವಿಂಗಡಿಸಿರುವರು. ಸಂದರ್ಶಕರ ಕಡೆಯಿಂದ ಹಣಕಾಸಿನ ಕಂಪ್ಯೂಟರುಗಳಿಗೆ ಹೋಗಲು ದಾರಿಯಿರಕೂಡದು. ಒಂದೇ ಪೆಟ್ಟಿಗೆಯನ್ನು ಹೀಗೆ ಒಳಗಿನಿಂದ ಬೇರೆಬೇರೆ ಕೋಣೆಗಳಾಗಿ ಪಾಲುಮಾಡುವುದಕ್ಕೆ ವಿ-ಲ್ಯಾನ್ ಎನ್ನುವರು. ಯಾವ ದ್ವಾರ ಯಾವ ಕೋಣೆಗೆ ಸೇರಿದ್ದು, ಸ್ವಿಚ್ಚಿನ ಹೆಸರೇನು, ಅದರ ಗುಪ್ತಪದವೇನು, ದೂರದಿಂದ ಅದನ್ನು ಯಾರು ಆಳಬಹುದು ಎಂಬುವೆಲ್ಲ ಮನುಷ್ಯನ ನಿರ್ಣಯಗಳು. ಇವನ್ನು ಸಾಲುಸಾಲಾಗಿ ಬರೆದಿಟ್ಟಿರುವ ಪಟ್ಟಿಯೇ ಕಾನ್ಫಿಗರೇಶನ್ ಫೈಲು. ಅದು ಸಾಮಾನ್ಯವಾಗಿ ಕೆಲವು ಸಾವಿರ ಅಕ್ಷರಗಳ ಸಾದಾ ಬರಹ. ಯಾರು ಬೇಕಾದರೂ ಓದಬಹುದು. ಇಷ್ಟು ಚಿಕ್ಕದಾದುದರಿಂದಲೇ ಇದನ್ನು ಕಾಪಾಡುವುದು ಸುಲಭ; ಇಷ್ಟು ಚಿಕ್ಕದಾದುದರಿಂದಲೇ ಜನರು ಇದನ್ನು ಅಲಕ್ಷಿಸುವುದೂ ಸುಲಭ.

ನೆನಪಿನ ಮೂರು ಸ್ಥಾನಗಳು

ಸ್ವಿಚ್ಚಿನೊಳಗೆ ಬರಹವಿರುವ ಸ್ಥಾನಗಳು ಮುಖ್ಯವಾಗಿ ಮೂರು. ಮೊದಲನೆಯದು ಬೂಟ್ ಲೋಡರ್ ಎಂಬ ಚಿಕ್ಕ ಕಾರ್ಯಕ್ರಮವಿರುವ ಸ್ಥಾನ. ಯಂತ್ರವು ಎಚ್ಚರಗೊಂಡೊಡನೆ ಮಾಡತಕ್ಕ ಮೊದಲ ಕೆಲಸಗಳನ್ನು ಇದು ಬಲ್ಲದು. ಎರಡನೆಯದು ರ‍್ಯಾಮ್. ಇದನ್ನು ಶಾಲೆಯ ಮಕ್ಕಳ ಸ್ಲೇಟಿಗೆ ಹೋಲಿಸಬಹುದು. ಬರೆಯುವುದೂ ಅಳಿಸುವುದೂ ಕ್ಷಣಮಾತ್ರದ ಕೆಲಸ. ಆದರೆ ವಿದ್ಯುತ್ತು ಹೋದೊಡನೆ ಸ್ಲೇಟು ತಾನಾಗಿ ಒರೆಸಿಹೋಗುವುದು. ಮೂರನೆಯದು ಫ್ಲ್ಯಾಶ್. ಇದು ಹೊಲಿದ ದಫ್ತರಿನಂತೆ. ವಿದ್ಯುತ್ತು ಇಲ್ಲದಿದ್ದರೂ ಬರೆದುದು ಉಳಿಯುವುದು. ಕ್ಯಾಟಲಿಸ್ಟ್ ೨೯೬೦ರಲ್ಲಿ ರ‍್ಯಾಮ್ ೬೪ ಮೆಗಾಬೈಟುಗಳಷ್ಟೂ ಫ್ಲ್ಯಾಶ್ ೩೨ ಮೆಗಾಬೈಟುಗಳಷ್ಟೂ ಇರುವುವು.

ಫ್ಲ್ಯಾಶ್ ಎಂಬ ದಫ್ತರಿನೊಳಗೆ ಏನೇನಿದೆ ಎಂಬುದನ್ನು 'ಡೈರ್ ಫ್ಲ್ಯಾಶ್' ಎಂಬ ಆಜ್ಞೆಯಿಂದ ನೋಡಬಹುದು. ಈ ಆಜ್ಞೆಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು. ಇಲ್ಲಿ ಉಚ್ಚಾರವನ್ನು ಮಾತ್ರ ಕೊಟ್ಟಿದೆ. ಆಗ ತೆರೆಯ ಮೇಲೆ ಮುಖ್ಯವಾಗಿ ನಾಲ್ಕು ವಸ್ತುಗಳು ತೋರುವುವು. ಒಂದು, ಐಒಎಸ್ ಎಂಬ ಆಡಳಿತ ಕಾರ್ಯಕ್ರಮದ ಫೈಲು. ಇದನ್ನು ಇಮೇಜು ಎನ್ನುವರು, ಎಲ್ಲಕ್ಕಿಂತ ದೊಡ್ಡದು ಇದೇ. ಎರಡು, 'ಕಾನ್ಫಿಗ್.ಟೆಕ್ಸ್ಟ್' ಎಂಬ, ಮೇಲೆ ವಿವರಿಸಿದ ನಿರ್ಣಯಗಳ ಪಟ್ಟಿ. ಮೂರು, 'ಪ್ರೈವೇಟ್-ಕಾನ್ಫಿಗ್.ಟೆಕ್ಸ್ಟ್' ಎಂಬ ರಹಸ್ಯ ಭಾಗ. ನಾಲ್ಕು, 'ವಿಲ್ಯಾನ್.ಡ್ಯಾಟ್' ಎಂಬ, ಕೋಣೆಗಳ ಸಂಖ್ಯೆ ಮತ್ತು ಹೆಸರುಗಳ ಪುಸ್ತಕ.

ಯಂತ್ರಕ್ಕೆ ವಿದ್ಯುತ್ತು ದೊರೆತಾಗ ಬೂಟ್ ಲೋಡರ್ ಎದ್ದು ಅಂಗಾಂಗಗಳನ್ನು ಪರೀಕ್ಷಿಸಿ, ಫ್ಲ್ಯಾಶಿನಲ್ಲಿರುವ ಇಮೇಜನ್ನು ಹುಡುಕಿ, ಅದನ್ನು ಬಿಚ್ಚಿ ರ‍್ಯಾಮಿಗೆ ತಂದು ನಡೆಸುವುದು. ಹಾಗೆ ಎಚ್ಚತ್ತ ಐಒಎಸ್ ತರುವಾಯ ಕಾನ್ಫಿಗ್.ಟೆಕ್ಸ್ಟನ್ನು ಓದಿ ಅದರಂತೆ ದ್ವಾರಗಳನ್ನು ಏರ್ಪಡಿಸುವುದು. ಆ ಫೈಲು ಇಲ್ಲದಿದ್ದರೆ ಸ್ವಿಚ್ಚು ಕಾರ್ಖಾನೆಯಿಂದ ಬಂದ ಹೊಸ ಯಂತ್ರದಂತೆ, ಮೊದಲಿನಿಂದ ಏರ್ಪಾಡು ಮಾಡಬೇಕೇ ಎಂದು ಪ್ರಶ್ನೆ ಕೇಳುತ್ತ ನಿಲ್ಲುವುದು.

ಸ್ಲೇಟು ಮತ್ತು ದಫ್ತರು

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಕಾನ್ಫಿಗರೇಶನ್ ಎಂಬುದು ಏಕಕಾಲದಲ್ಲಿ ಎರಡು ಕಡೆಗಳಲ್ಲಿರುವುದು. ದಫ್ತರಿನಲ್ಲಿರುವುದಕ್ಕೆ ಸ್ಟಾರ್ಟಪ್-ಕಾನ್ಫಿಗ್ ಎಂದೂ, ಸ್ಲೇಟಿನಲ್ಲಿರುವುದಕ್ಕೆ ರನ್ನಿಂಗ್-ಕಾನ್ಫಿಗ್ ಎಂದೂ ಹೆಸರು. ಇಂಜಿನಿಯರನು ಕೊಡುವ ಪ್ರತಿಯೊಂದು ಆಜ್ಞೆಯೂ ಆ ಕ್ಷಣವೇ ಸ್ಲೇಟಿನ ಮೇಲೆ ಬರೆಯಲ್ಪಟ್ಟು ಜಾರಿಗೆ ಬರುವುದು. ಆದರೆ ಅದು ದಫ್ತರಿಗೆ ತಾನಾಗಿ ಏರುವುದಿಲ್ಲ. ಏರಿಸಬೇಕಾದರೆ 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಎಂದು ಬೇರೆಯಾಗಿಯೇ ಆಜ್ಞೆ ಕೊಡಬೇಕು. 'ರೈಟ್ ಮೆಮೊರಿ' ಎಂಬ ಹಳೆಯ ಆಜ್ಞೆಯೂ ಇದನ್ನೇ ಮಾಡುವುದು.

ಇದನ್ನು ಮರೆತಾಗ ಆಗುವ ಅನರ್ಥವು ವಿಚಿತ್ರವಾದುದು. ಏಕೆಂದರೆ ಅದು ಮರೆತ ದಿನ ಕಾಣಿಸುವುದಿಲ್ಲ. ಮೇಲೆ ಹೇಳಿದ ಆಸ್ಪತ್ರೆಗೆ ಜನವರಿ ತಿಂಗಳಲ್ಲಿ ಹೊಸ ಪ್ರಯೋಗಶಾಲೆ ಬಂದಿತೆಂದೂ, ನಾಲ್ಕು ದ್ವಾರಗಳನ್ನು ಅದಕ್ಕೆ ಸೇರಿಸಿದರೆಂದೂ, ದಫ್ತರಿಗೆ ಏರಿಸಲು ಮರೆತರೆಂದೂ ಇಟ್ಟುಕೊಳ್ಳೋಣ. ಜನವರಿಯಿಂದ ಮೇ ತಿಂಗಳವರೆಗೆ ಎಲ್ಲವೂ ಸರಿಯಾಗಿ ನಡೆಯುವುದು. ಜೂನಿನ ಮೊದಲ ಮಳೆಗೆ ವಿದ್ಯುತ್ತು ನಿಂತು, ಬ್ಯಾಟರಿಯೂ ಬರಿದಾಗಿ, ಸ್ವಿಚ್ಚು ಆರಿ ಮತ್ತೆ ಹತ್ತುವುದು. ಆಗ ಅದು ಡಿಸೆಂಬರಿನ ಬರಹವನ್ನು ಓದಿ ಎಚ್ಚರಗೊಳ್ಳುವುದು. ಪ್ರಯೋಗಶಾಲೆಯ ಕಂಪ್ಯೂಟರುಗಳು ಕಾರಣ ತಿಳಿಯದೆ ಮೂಕವಾಗುವುವು. ರಕ್ತಪರೀಕ್ಷೆಯ ಫಲಿತಾಂಶವು ವಾರ್ಡಿನ ವೈದ್ಯರಿಗೆ ತಲಪದೆ, ಚೀಟಿ ಹಿಡಿದು ಓಡಾಡಬೇಕಾಗುವುದು. ನಿನ್ನೆಯವರೆಗೆ ನಡೆದ ಯಂತ್ರ ಇಂದೇಕೆ ನಿಂತಿತೆಂದು ಹುಡುಕುವವರು ಕೇಬಲ್ಲನ್ನೂ ಕಂಪ್ಯೂಟರನ್ನೂ ಶಂಕಿಸುವರೇ ಹೊರತು, ಐದು ತಿಂಗಳ ಹಿಂದಿನ ಮರೆವನ್ನು ಶಂಕಿಸುವವರು ಕಡಮೆ. ಆದುದರಿಂದ ಕೆಲಸ ಮುಗಿಸಿ ಏಳುವ ಮುನ್ನ ಎರಡು ಬರಹಗಳನ್ನೂ ಹೋಲಿಸಿ ನೋಡುವುದು ಉತ್ತಮ ಅಭ್ಯಾಸ.

ಆದರೆ ಇದರಲ್ಲಿ ಒಂದು ಗುಣವೂ ಇದೆ. ಸ್ಲೇಟಿನಲ್ಲಿ ತಪ್ಪು ಬರೆದರೆ ದಫ್ತರು ಕೆಡುವುದಿಲ್ಲ. ದೂರದ ಊರಿನಲ್ಲಿರುವ ಸ್ವಿಚ್ಚನ್ನು ಇಲ್ಲಿಂದಲೇ ತಿದ್ದುವಾಗ, ಒಂದು ತಪ್ಪು ಆಜ್ಞೆಯಿಂದ ತಾನು ಬಂದ ದಾರಿಯನ್ನೇ ಮುಚ್ಚಿಕೊಳ್ಳುವ ಅಪಾಯವುಂಟು. ಅದಕ್ಕೆ ಬಲ್ಲವರು ಒಂದು ಉಪಾಯ ಮಾಡುವರು. ಮೊದಲು ಸರಿಯಾದ ಬರಹವನ್ನು ದಫ್ತರಿಗೆ ಏರಿಸಿ, ಬಳಿಕ 'ರೀಲೋಡ್ ಇನ್ ೧೦' ಎಂದು ಆಜ್ಞೆ ಕೊಡುವರು. ಅಂದರೆ ಇನ್ನು ಹತ್ತು ನಿಮಿಷಕ್ಕೆ ನೀನಾಗಿ ಆರಿ ಎಚ್ಚರಗೊಳ್ಳು ಎಂದರ್ಥ. ಆಮೇಲೆ ತಿದ್ದುಪಡಿ ಮಾಡುವರು. ದಾರಿ ಮುಚ್ಚಿಹೋದರೆ ಹತ್ತು ನಿಮಿಷದಲ್ಲಿ ಯಂತ್ರವು ಹಳೆಯ ಬರಹವನ್ನೋದಿ ಸರಿಯಾಗುವುದು. ಎಲ್ಲವೂ ಸರಿಯಿದ್ದರೆ 'ರೀಲೋಡ್ ಕ್ಯಾನ್ಸಲ್' ಎಂದು ಹೇಳಿ, ಹೊಸ ಬರಹವನ್ನು ದಫ್ತರಿಗೆ ಏರಿಸುವರು. ಜೂನಿಪರ್ ಕಂಪೆನಿಯ ಸ್ವಿಚ್ಚುಗಳಲ್ಲಿ ಈ ಉಪಾಯವನ್ನು ಯಂತ್ರದೊಳಗೇ ಅಳವಡಿಸಿರುವರು. ಅಲ್ಲಿ ತಿದ್ದುಪಡಿಗಳನ್ನು ಮೊದಲು ಬೇರೆ ಕರಡಿನಲ್ಲಿ ಬರೆದು, 'ಕಮಿಟ್' ಎಂದ ಮೇಲೆಯೇ ಜಾರಿಗೆ ತರುವರು. 'ಕಮಿಟ್ ಕನ್ಫರ್ಮ್ಡ್' ಎಂದರೆ ಹತ್ತು ನಿಮಿಷಗಳೊಳಗೆ ಮತ್ತೆ ಒಪ್ಪಿಗೆ ಕೊಡದಿದ್ದಲ್ಲಿ ಹಿಂದಿನ ಸ್ಥಿತಿಯೇ ಮರಳುವುದು.

ಕೋಣೆಗಳ ಪುಸ್ತಕ

ವಿಲ್ಯಾನ್.ಡ್ಯಾಟ್ ಎಂಬ ಫೈಲನ್ನು ಕುರಿತು ಪ್ರತ್ಯೇಕವಾಗಿ ಎಚ್ಚರಿಸಬೇಕಾಗಿದೆ. ಯಾವ ದ್ವಾರ ಯಾವ ಕೋಣೆಗೆ ಸೇರಿದ್ದೆಂಬುದು ಕಾನ್ಫಿಗ್.ಟೆಕ್ಸ್ಟಿನಲ್ಲಿರುವುದು; ಆದರೆ ಕೋಣೆಗಳು ಯಾವುವು ಎಂಬ ಪಟ್ಟಿಯು ಸಾಮಾನ್ಯ ಏರ್ಪಾಡಿನಲ್ಲಿ ವಿಲ್ಯಾನ್.ಡ್ಯಾಟಿನಲ್ಲಿರುವುದು. ಆದಕಾರಣ ಒಂದನ್ನು ಮಾತ್ರ ನಕಲು ಮಾಡಿಟ್ಟವರು ಅರ್ಧ ಕೆಲಸ ಮಾಡಿದಂತಾಯಿತು. ಹಾಗೆಯೇ, ಹಳೆಯ ಸ್ವಿಚ್ಚನ್ನು ಹೊಸದಾಗಿಸಲು ಸ್ಟಾರ್ಟಪ್-ಕಾನ್ಫಿಗನ್ನು ಅಳಿಸಿದವರು ಕೋಣೆಗಳ ಪುಸ್ತಕವನ್ನು ಅಳಿಸಿದಂತಾಗಲಿಲ್ಲ. ಸ್ವಿಚ್ಚುಗಳು ತಮ್ಮತಮ್ಮೊಳಗೆ ಕೋಣೆಗಳ ಪಟ್ಟಿಯನ್ನು ಹಂಚಿಕೊಳ್ಳುವ ವಿಟಿಪಿ ಎಂಬ ಪದ್ಧತಿಯೊಂದುಂಟು. ಅದರ ಹಳೆಯ ಆವೃತ್ತಿಗಳಲ್ಲಿ ಪರಿಷ್ಕರಣದ ಸಂಖ್ಯೆ ಯಾರಲ್ಲಿ ದೊಡ್ಡದೋ ಅವರ ಪಟ್ಟಿಯೇ ಪ್ರಮಾಣ. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಸ್ವಿಚ್ಚಿನಲ್ಲಿ ಅದೇ ಕ್ಷೇತ್ರದ ಹೆಸರೂ ಗುಪ್ತಪದವೂ ಇದ್ದು ಆ ಸಂಖ್ಯೆಯು ದೊಡ್ಡದಾಗಿದ್ದರೆ, ಅದನ್ನು ತಂದು ಸಿಕ್ಕಿಸಿದ ಕ್ಷಣವೇ ಅದರ ಹಳೆಯ ಪಟ್ಟಿಯು ಇಡೀ ಸಂಸ್ಥೆಯ ಪಟ್ಟಿಯನ್ನು ಅಳಿಸಿ ತಾನೇ ಕುಳಿತುಕೊಳ್ಳುವುದು. ಆದುದರಿಂದ ಹಳೆಯ ಯಂತ್ರವನ್ನು ಮತ್ತೆ ಬಳಸುವ ಮುನ್ನ 'ಡಿಲೀಟ್ ಫ್ಲ್ಯಾಶ್:ವಿಲ್ಯಾನ್.ಡ್ಯಾಟ್' ಎಂಬ ಆಜ್ಞೆಯನ್ನು ಕೊಟ್ಟು, ಯಂತ್ರವನ್ನು ಆರಿಸಿ ಹತ್ತಿಸತಕ್ಕದ್ದು.

ಫ್ಲ್ಯಾಶಿನ ಸ್ವಭಾವ

ಫ್ಲ್ಯಾಶ್ ಮೆಮೊರಿಯನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಕಂಪೆನಿಯಲ್ಲಿದ್ದ ಫುಜಿಯೋ ಮಸುವೊಕ ಎಂಬವರು. ೧೯೮೪ರಲ್ಲಿ ಅವರು ಅದನ್ನು ವಿದ್ವಾಂಸರ ಮುಂದಿಟ್ಟರು. ಅದರಲ್ಲಿ ಬರಹವನ್ನು ಅಳಿಸುವ ರೀತಿಯು ಕ್ಯಾಮರಾದ ಮಿಂಚುದೀಪವನ್ನು ನೆನಪಿಗೆ ತರುವುದೆಂದು ಅವರ ಸಹೋದ್ಯೋಗಿಯೊಬ್ಬರು ಸೂಚಿಸಿದ್ದರಿಂದ ಆ ಹೆಸರು ಬಂದಿತು.

ಈ ಮೆಮೊರಿಯ ಒಂದೊಂದು ಕಣದಲ್ಲಿಯೂ ಕೆಲವು ಇಲೆಕ್ಟ್ರಾನುಗಳನ್ನು ನಾಲ್ಕು ಕಡೆಯೂ ವಿದ್ಯುನ್ನಿರೋಧಕ ಪದರವಿರುವ ಗೂಡಿನೊಳಗೆ ಸೆರೆಹಿಡಿದಿಡುವರು. ಹೊರಗೆ ವಿದ್ಯುತ್ತು ಇಲ್ಲದಿದ್ದರೂ ಅವು ಹೊರಡಲಾರವು. ಬರಹ ಉಳಿಯುವುದು ಇದರಿಂದಲೇ. ಆದರೆ ಇಲ್ಲಿ ಒಂದು ಅಕ್ಷರವನ್ನು ಮಾತ್ರ ಬಿಡಿಯಾಗಿ ಅಳಿಸಲಾಗದು. ಒಂದು ಇಡೀ ಖಂಡವನ್ನು ಒಮ್ಮೆಗೇ ಅಳಿಸಿ ಹೊಸದಾಗಿ ಬರೆಯಬೇಕು. ಹೀಗೆ ಅಳಿಸಿದಾಗಲೆಲ್ಲ ಆ ಪದರವು ಸ್ವಲ್ಪಸ್ವಲ್ಪವಾಗಿ ಸವೆಯುವುದು. ಇಂಥ ಯಂತ್ರಗಳಲ್ಲಿ ಬಳಕೆಯಲ್ಲಿರುವ ನಾರ್ ಎಂಬ ಜಾತಿಯ ಫ್ಲ್ಯಾಶಿನ ಖಂಡಗಳು ಸಾಮಾನ್ಯವಾಗಿ ಒಂದು ಲಕ್ಷ ಸಲದ ಅಳಿಸುವಿಕೆಯನ್ನು ತಾಳಿಕೊಳ್ಳುವುವು. ದಿನಕ್ಕೆ ಹತ್ತು ಸಲ ಬರೆದರೂ ಇಪ್ಪತ್ತೇಳು ವರ್ಷ ಬಾಳುವ ಲೆಕ್ಕವಿದು. ಆದುದರಿಂದ ಬರಹವನ್ನು ದಫ್ತರಿಗೆ ಏರಿಸುವುದಕ್ಕೆ ಹಿಂಜರಿಯಬೇಕಾಗಿಲ್ಲ. ಆದರೆ ನಿಮಿಷಕ್ಕೊಮ್ಮೆ ತಾನಾಗಿ ಬರೆಯುತ್ತಿರುವಂತೆ ಏರ್ಪಡಿಸುವುದು ಜಾಣತನವಲ್ಲ.

ಫ್ಲ್ಯಾಶಿನ ಮತ್ತೊಂದು ಮಿತಿ ಸ್ಥಳದ್ದು. ಐಒಎಸ್ ಕಾರ್ಯಕ್ರಮಕ್ಕೆ ಹೊಸ ಆವೃತ್ತಿಯನ್ನು ತರುವಾಗ ಇದು ಮುಖ್ಯವಾಗುವುದು. ಅದರ ಕ್ರಮ ಹೀಗಿದೆ: ಮೊದಲು ಡೈರ್ ಫ್ಲ್ಯಾಶ್ ಆಜ್ಞೆಯಿಂದ ಎಷ್ಟು ಸ್ಥಳ ಉಳಿದಿದೆಯೆಂದು ನೋಡಬೇಕು. ಹಿಡಿಸುವಂತಿದ್ದರೆ ಹಳೆಯ ಇಮೇಜನ್ನು ಹಾಗೆಯೇ ಉಳಿಸಿಕೊಂಡು ಹೊಸದನ್ನು ತರಬೇಕು. ತಂದ ಮೇಲೆ 'ವೆರಿಫೈ' ಎಂಬ ಆಜ್ಞೆಯಿಂದ ಅದರ ಮುದ್ರಾಸಂಖ್ಯೆಯನ್ನು ಲೆಕ್ಕಹಾಕಿಸಿ, ಕಂಪೆನಿಯು ಪ್ರಕಟಿಸಿದ ಸಂಖ್ಯೆಯೊಡನೆ ಹೋಲಿಸಬೇಕು. ಒಂದು ಅಕ್ಷರ ಕೆಟ್ಟಿದ್ದರೂ ಸಂಖ್ಯೆ ಬೇರೆಯಾಗುವುದು. ಸರಿಹೊಂದಿದರೆ 'ಬೂಟ್ ಸಿಸ್ಟಮ್' ಎಂಬ ಆಜ್ಞೆಯಿಂದ ಇನ್ನು ಮೇಲೆ ಓದತಕ್ಕದ್ದು ಹೊಸ ಇಮೇಜೆಂದು ತಿಳಿಸಿ, ದಫ್ತರಿಗೆ ಏರಿಸಿ, ಜನರ ಕೆಲಸಕ್ಕೆ ಅಡ್ಡಿಯಾಗದ ಹೊತ್ತಿನಲ್ಲಿ ಯಂತ್ರವನ್ನು ಆರಿಸಿ ಹತ್ತಿಸಬೇಕು. ಹೊಸದು ಕೆಲವು ದಿನ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ಅಳಿಸಬೇಕು.

ಸ್ಥಳ ಸಾಲದೆಂದು ಹಳೆಯದನ್ನು ಮೊದಲೇ ಅಳಿಸಿ, ಹೊಸದು ಬರುತ್ತಿರುವ ನಡುವೆ ವಿದ್ಯುತ್ತು ಹೋದರೆ, ಎಚ್ಚರಗೊಳ್ಳಲು ಇಮೇಜೇ ಇಲ್ಲದೆ ಯಂತ್ರವು ಬೂಟ್ ಲೋಡರಿನಲ್ಲಿಯೇ ನಿಂತುಬಿಡುವುದು. ಆಗ ಕನ್ಸೋಲ್ ಎಂಬ ದ್ವಾರದ ಮೂಲಕ ಎಕ್ಸ್‌ಮೋಡೆಮ್ ಎಂಬ ಪದ್ಧತಿಯಿಂದ ಇಮೇಜನ್ನು ಹನಿಹನಿಯಾಗಿ ಒಳಗೆ ಹೊಯ್ಯಬೇಕು. ಆ ದ್ವಾರದ ಸಾಮಾನ್ಯ ವೇಗವು ಸೆಕೆಂಡಿಗೆ ೯೬೦೦ ಬಿಟ್ಟುಗಳು, ಎಂದರೆ ಸುಮಾರು ೯೬೦ ಅಕ್ಷರಗಳು. ಹತ್ತು ಮೆಗಾಬೈಟಿನ ಫೈಲಿಗೆ ಕಡಮೆಯೆಂದರೂ ಮೂರು ಗಂಟೆ ಹಿಡಿಯುವುದು. ಬೂಟ್ ಲೋಡರಿಗೆ ಹೇಳಿ ವೇಗವನ್ನು ೧,೧೫,೨೦೦ಕ್ಕೆ ಏರಿಸಿಕೊಂಡರೆ ಕಾಲು ಗಂಟೆಯಷ್ಟರಲ್ಲಿ ಮುಗಿಸಬಹುದು. ಇದನ್ನು ಬಲ್ಲವರು ಅವಸರದ ದಿನದಲ್ಲಿ ಬಹಳ ಹೊತ್ತನ್ನು ಉಳಿಸುವರು.

ಪೆಟ್ಟಿಗೆಯ ಹೊರಗೊಂದು ಪ್ರತಿ

ದಫ್ತರು ಎಷ್ಟೇ ಭದ್ರವಾಗಿದ್ದರೂ ಅದು ಪೆಟ್ಟಿಗೆಯೊಳಗಿರುವುದು. ಸಿಡಿಲಿಗೆ ಪೆಟ್ಟಿಗೆ ಸುಟ್ಟರೆ ದಫ್ತರೂ ಸುಟ್ಟಿತು. ಆದುದರಿಂದ ಕಾನ್ಫಿಗರೇಶನ್ನಿನ ಒಂದು ಪ್ರತಿಯನ್ನು ಬೇರೆ ಸ್ಥಳದಲ್ಲಿಡುವುದು ಅವಶ್ಯಕ. ಇದಕ್ಕೆ ಹಳೆಯ ಕಾಲದಿಂದ ಬಳಸುವ ಪದ್ಧತಿ ಟಿಎಫ್‌ಟಿಪಿ, ಸುಲಭವೂ ಹೌದು. ಆದರೆ ಅದರಲ್ಲಿ ಗುಪ್ತಪದವೂ ಇಲ್ಲ, ಮುಚ್ಚುಮರೆಯೂ ಇಲ್ಲ. ಕಾಗದವನ್ನು ಲಕೋಟೆಯಿಲ್ಲದೆ ಅಂಚೆಗೆ ಹಾಕಿದಂತೆ. ಎಸ್‌ಸಿಪಿ ಎಂಬ ಪದ್ಧತಿಯಲ್ಲಿ ಬರಹವು ಗೂಢಲಿಪಿಯಲ್ಲಿ ಸಾಗುವುದರಿಂದ ಅದೇ ಮೇಲು. 'ಆರ್ಕೈವ್' ಎಂಬ ಏರ್ಪಾಡಿನಿಂದ, ದಫ್ತರಿಗೆ ಏರಿಸಿದಾಗಲೆಲ್ಲ ಒಂದು ಪ್ರತಿಯು ತಾನಾಗಿಯೇ ಹೊರಗಣ ಕಂಪ್ಯೂಟರಿಗೆ ಹೋಗುವಂತೆಯೂ ಮಾಡಬಹುದು.

ಪ್ರತಿಯನ್ನು ಹಿಂದಕ್ಕೆ ತರುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರತಿಯನ್ನು ರನ್ನಿಂಗ್-ಕಾನ್ಫಿಗಿಗೆ 'ಕಾಪಿ' ಮಾಡಿದರೆ, ಅದು ಸ್ಲೇಟನ್ನು ಒರೆಸಿ ಬರೆಯುವುದಿಲ್ಲ. ಇದ್ದುದರ ಮೇಲೆ ಬೆರೆಸಿ ಬರೆಯುವುದು. ಪ್ರತಿಯಲ್ಲಿಲ್ಲದ ತಪ್ಪು ಸಾಲುಗಳು ಸ್ಲೇಟಿನಲ್ಲಿ ಹಾಗೆಯೇ ಉಳಿಯುವುವು. ಪ್ರತಿಯಲ್ಲಿ ಇರುವಂತೆಯೇ ಆಗಬೇಕಾದರೆ 'ಕಾನ್ಫಿಗರ್ ರೀಪ್ಲೇಸ್' ಎಂಬ ಆಜ್ಞೆಯನ್ನು ಕೊಡಬೇಕು.

ಈ ಎಚ್ಚರಿಕೆಗಳು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ೨೦೧೮ರ ಏಪ್ರಿಲ್ ತಿಂಗಳ ಸಂಗತಿಯೊಂದು ಸಾಕ್ಷಿ. ಸಿಸ್ಕೋ ಸ್ವಿಚ್ಚುಗಳಲ್ಲಿ ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಕರ್ಯವಿತ್ತು. ಹೊಸ ಸ್ವಿಚ್ಚು ತನ್ನ ಇಮೇಜನ್ನೂ ಕಾನ್ಫಿಗರೇಶನ್ನನ್ನೂ ಬೇರೆಡೆಯಿಂದ ತಾನಾಗಿ ಪಡೆಯಲೆಂದು ಅದನ್ನು ಮಾಡಿದ್ದರು. ಆದರೆ ಕೊಡುವವರು ಯಾರೆಂದು ಅದು ಕೇಳುತ್ತಿರಲಿಲ್ಲ. ೪೭೮೬ ಎಂಬ ಸಂಖ್ಯೆಯ ಆ ಬಾಗಿಲು ಅನೇಕ ಕಡೆಗಳಲ್ಲಿ ಹೊರಲೋಕಕ್ಕೆ ತೆರೆದೇ ಇತ್ತು. ಆ ತಿಂಗಳ ಮೊದಲ ವಾರದ ಕೊನೆಯಲ್ಲಿ ಅಜ್ಞಾತರು ಈ ಬಾಗಿಲಿನಿಂದ ಹೊಕ್ಕು, ಇರಾನ್ ರಷ್ಯಾ ಮೊದಲಾದ ದೇಶಗಳಲ್ಲಿ ಸ್ವಿಚ್ಚುಗಳ ಕಾನ್ಫಿಗರೇಶನ್ನನ್ನು ಕೆಡಿಸಿ, ಅದರ ಸ್ಥಾನದಲ್ಲಿ ಅಕ್ಷರಗಳಿಂದ ಬಿಡಿಸಿದ ಅಮೆರಿಕೆಯ ಧ್ವಜವನ್ನೂ ಚುನಾವಣೆಗಳ ವಿಷಯವಾದ ಎಚ್ಚರಿಕೆಯನ್ನೂ ಬರೆದುಹೋದರು. ಇರಾನಿನ ಸಚಿವಾಲಯದ ಹೇಳಿಕೆಯಂತೆ ಆ ದೇಶವೊಂದರಲ್ಲಿಯೇ ೩,೫೦೦ ಸ್ವಿಚ್ಚುಗಳು ಕೆಟ್ಟುವು. ಇಂಥ ದಿನದಲ್ಲಿ ಹೊರಗೆ ಪ್ರತಿಯಿಟ್ಟವರು ಅದನ್ನು ಮರಳಿ ಬರೆದು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲಬಲ್ಲರು. ಇಡದವರು ಒಂದೊಂದು ದ್ವಾರವನ್ನೂ ಊಹಿಸಿ ಬರೆಯಬೇಕು. ಆ ಬಾಗಿಲನ್ನು ಮುಚ್ಚುವ 'ನೋ ವಿಸ್ಟ್ಯಾಕ್' ಎಂಬ ಆಜ್ಞೆಯು ಎರಡೇ ಪದಗಳದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯು ಇಲ್ಲಿಯೂ ಸಲ್ಲುವುದು.

ಬೀಗ ಮತ್ತು ಗುಟ್ಟು

ಕಾನ್ಫಿಗರೇಶನ್ ಫೈಲನ್ನು ಕಾಪಾಡುವುದೆಂದರೆ ಅಳಿಯದಂತೆ ಕಾಯುವುದು ಮಾತ್ರವಲ್ಲ, ಅನ್ಯರ ಕೈ ಸೇರದಂತೆ ಕಾಯುವುದೂ ಹೌದು. ಅದರಲ್ಲಿ ಗುಪ್ತಪದಗಳಿರುವುವು. ಅವು ಅರ್ಥವಾಗದ ಅಂಕೆಗಳಂತೆ ಕಾಣುವುದರಿಂದ ಭದ್ರವೆಂದು ತಿಳಿಯಲಾಗದು. ಸಿಸ್ಕೋದವರ ೭ನೆಯ ಬಗೆ ಎಂಬ ಗೂಢಲಿಪಿಯನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಲ್ಲರು. ೮ನೆಯ ಮತ್ತು ೯ನೆಯ ಬಗೆಗಳು ಬಿಡಿಸಲು ಬಹು ಕಠಿಣವಾದುವು. ಆದುದರಿಂದ ಸಹಾಯ ಕೇಳುವ ಉದ್ದೇಶದಿಂದಲಾದರೂ ಈ ಫೈಲನ್ನು ಇದ್ದಂತೆಯೇ ಕಂಡಕಂಡವರಿಗೆ ಕಳುಹಿಸಕೂಡದು.

ಗುಪ್ತಪದ ಮರೆತರೇನು ಗತಿಯೆಂದು ಕೇಳಬಹುದು. ಕ್ಯಾಟಲಿಸ್ಟ್ ೨೯೬೦ರ ಮುಖದಲ್ಲಿ ಮೋಡ್ ಎಂಬ ಗುಂಡಿಯಿದೆ. ಅದನ್ನು ಒತ್ತಿಹಿಡಿದು ವಿದ್ಯುತ್ತು ಕೊಟ್ಟರೆ ಯಂತ್ರವು ಬೂಟ್ ಲೋಡರಿನಲ್ಲಿ ನಿಲ್ಲುವುದು. ಅಲ್ಲಿ 'ಫ್ಲ್ಯಾಶ್ ಇನಿಟ್' ಎಂಬ ಆಜ್ಞೆಯಿಂದ ಫ್ಲ್ಯಾಶನ್ನು ತೆರೆದು, ಕಾನ್ಫಿಗ್.ಟೆಕ್ಸ್ಟಿನ ಹೆಸರನ್ನು ಬದಲಾಯಿಸಿ ಮುಂದೆ ನಡೆಸಿದರೆ, ಯಂತ್ರವು ಆ ಫೈಲನ್ನು ಕಾಣದೆ ಗುಪ್ತಪದವಿಲ್ಲದೆ ಎಚ್ಚರಗೊಳ್ಳುವುದು. ಬಳಿಕ ಹಳೆಯ ಹೆಸರನ್ನು ಕೊಟ್ಟು, ಆ ಬರಹವನ್ನು ಸ್ಲೇಟಿಗೆ ತಂದು, ಹೊಸ ಗುಪ್ತಪದವನ್ನು ಬರೆದು, ದಫ್ತರಿಗೆ ಏರಿಸಬಹುದು. ಬರಹದ ಒಂದು ಸಾಲೂ ನಷ್ಟವಾಗುವುದಿಲ್ಲ. ಆದರೆ ಮಾಲೀಕರಿಗಿರುವ ಈ ಸೌಕರ್ಯವು ಗುಂಡಿಯ ಬಳಿ ನಿಂತ ಬೇರೆ ಯಾರಿಗೂ ಇರುವುದು. ಸ್ವಿಚ್ಚಿನ ಬೀರುವಿಗೆ ಬೀಗವಿರಬೇಕೆಂದು ಹೇಳುವುದು ಇದಕ್ಕಾಗಿಯೇ.

ಹಳೆಯ ಯಂತ್ರವನ್ನು ಮಾರುವಾಗಲೂ ಇದೇ ಎಚ್ಚರಿಕೆ ಬೇಕು. ಈಸೆಟ್ ಎಂಬ ಸಂಸ್ಥೆಯವರು ಪೇಟೆಯಲ್ಲಿ ಹಳೆಯ ರೂಟರುಗಳನ್ನು ಕೊಂಡು ಪರೀಕ್ಷಿಸಿ ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ಪರೀಕ್ಷೆಗೆ ಒದಗಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳೊಳಗೆ ಹಿಂದಿನ ಒಡೆಯರ ಗುಟ್ಟುಗಳು ಹಾಗೆಯೇ ಇದ್ದುವು. ಮಾರುವ ಮುನ್ನ ಸ್ಟಾರ್ಟಪ್-ಕಾನ್ಫಿಗನ್ನೂ, ವಿಲ್ಯಾನ್.ಡ್ಯಾಟನ್ನೂ, ಬೇರೆ ಹೆಸರಿನಲ್ಲಿ ಇಟ್ಟ ಹಳೆಯ ಪ್ರತಿಗಳನ್ನೂ ಅಳಿಸಿ, ಕೊನೆಯಲ್ಲಿ ಡೈರ್ ಫ್ಲ್ಯಾಶ್ ಆಜ್ಞೆಯಿಂದ ಏನೂ ಉಳಿದಿಲ್ಲವೆಂದು ನೋಡಿಕೊಳ್ಳತಕ್ಕದ್ದು.

ಕೇಳಬೇಕಾದ ಪ್ರಶ್ನೆಗಳು

ಸಂಸ್ಥೆಯನ್ನು ನಡೆಸುವ ಸೋದರಿಯರೂ, ಮಕ್ಕಳ ಶಾಲೆಯ ಆಡಳಿತ ಸಮಿತಿಗಳಲ್ಲಿರುವ ತಾಯ್ತಂದೆಗಳೂ ತಮ್ಮ ಯಂತ್ರಗಳನ್ನು ನೋಡಿಕೊಳ್ಳುವವರನ್ನು ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇಂದು ವಿದ್ಯುತ್ತು ಹೋಗಿ ಬಂದರೆ ಸ್ವಿಚ್ಚುಗಳು ಇಂದಿನಂತೆಯೇ ಎಚ್ಚರಗೊಳ್ಳುವುವೇ? ಕಾನ್ಫಿಗರೇಶನ್ನಿನ ಪ್ರತಿಯು ಪೆಟ್ಟಿಗೆಯ ಹೊರಗೆ ಎಲ್ಲಿದೆ, ಯಾವ ದಿನಾಂಕದ್ದು? ಅದನ್ನು ಬೇರೊಂದು ಯಂತ್ರಕ್ಕೆ ಹಾಕಿ ಪರೀಕ್ಷಿಸಿದ್ದುಂಟೇ? ಅದರಲ್ಲಿ ಕೋಣೆಗಳ ಪಟ್ಟಿಯೂ ಸೇರಿದೆಯೇ? ಬೀರುವಿನ ಬೀಗದಕೈಯೂ ಗುಪ್ತಪದವೂ ಒಬ್ಬರ ಬಳಿಯಲ್ಲದೆ ಮತ್ತೊಬ್ಬ ನಂಬುಗೆಯವರಿಗೂ ತಿಳಿದಿದೆಯೇ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದರೆ ನಿಶ್ಚಿಂತೆಯಾಗಿರಬಹುದು. ತಡವರಿಸಿದರೆ, ಅದನ್ನು ಸರಿಪಡಿಸಲು ಬೇಕಾದುದು ಹೆಚ್ಚಿನ ಹಣವಲ್ಲ; ಒಂದು ಮಧ್ಯಾಹ್ನದ ಹೊತ್ತು ಮತ್ತು ತಿಂಗಳಿಗೊಮ್ಮೆ ನೋಡುವ ನಿಯಮ ಮಾತ್ರ. ಮನೆಯ ಲೆಕ್ಕದ ಪುಸ್ತಕವನ್ನು ದಿನದ ಕೊನೆಗೆ ಬರೆದು ಮುಚ್ಚುವ ಅಭ್ಯಾಸವುಳ್ಳ ನಮ್ಮ ಗೃಹಿಣಿಯರಿಗೆ ಇಂಥ ಶಿಸ್ತು ಹೊಸದಾಗಿ ಕಲಿಯತಕ್ಕ ವಿದ್ಯೆಯಲ್ಲ.